ಔಷಧ ಸಸ್ಯಗಳ ಒಳಗಿನ ಬೂಷ್ಟು: ಒಂದು ಹುಡುಕಾಟದ ಚರಿತ್ರೆ

ಮಂಡ್ಯ ತಾಲ್ಲೂಕಿನ ಕೆರಗೋಡು ಹೋಬಳಿಯ ಯಾವುದಾದರೂ ಊರಿನಲ್ಲಿ ನಿಂತು ಒಮ್ಮೆ ಸುತ್ತ ನೋಡಿ. ನೀರು ಹರಿಯುವಲ್ಲಿ ಭತ್ತ ಮತ್ತು ಕಬ್ಬು, ಬದುವಿನಲ್ಲಿ ಬೇವು ಮತ್ತು ಹೊಂಗೆ, ಮನೆಯಂಗಳದಲ್ಲಿ ತುಳಸಿ. ಇವುಗಳಲ್ಲಿ ಬೇವು ನಮಗೆ ಬರಿಯ ಮರವಲ್ಲ. ಯುಗಾದಿಯ ದಿನ ಬೆಲ್ಲದೊಡನೆ ಅದನ್ನು ತಿನ್ನುತ್ತೇವೆ. 'ಅಮ್ಮ' ಆದವರ ಹಾಸಿಗೆಯ ಬಳಿ ಅದರ ಸೊಪ್ಪನ್ನು ಇಡುತ್ತೇವೆ. ಕಾಳಿಗೆ ಹುಳು ಬೀಳದಿರಲಿ ಎಂದು ಅದರ ಒಣಗಿದ ಎಲೆಯನ್ನು ಬೆರೆಸುತ್ತೇವೆ. ಈ ಗುಣಗಳೆಲ್ಲ ಬೇವಿನವೇ ಎಂಬುದರಲ್ಲಿ ನಮಗೆ ಸಂದೇಹವಿಲ್ಲ.

ಈಗ ಒಂದು ಪ್ರಶ್ನೆ. ಆ ಮರದಿಂದ ಚುಕ್ಕೆಯಿಲ್ಲದ, ಆರೋಗ್ಯವಾಗಿರುವ ಒಂದು ಹಸಿರೆಲೆಯನ್ನು ಕಿತ್ತರೆ ನಿಮ್ಮ ಕೈಯಲ್ಲಿರುವ ಜೀವಿಗಳು ಎಷ್ಟು? ಒಂದು ಎಂದು ಉತ್ತರಿಸಿದರೆ ತಪ್ಪಾಗುತ್ತದೆ. ಎಲೆಯ ಹೊರಮೈಯನ್ನು ಎಷ್ಟೇ ಚೆನ್ನಾಗಿ ತೊಳೆದರೂ ಹೋಗದ ಜೀವಿಗಳು ಅದರ ಒಳಗಿರುತ್ತವೆ. ಜೀವಕೋಶಗಳ ನಡುವಿನ ಸಂದಿಗಳಲ್ಲಿ ಶಿಲೀಂಧ್ರಗಳ ಸೂಕ್ಷ್ಮ ಎಳೆಗಳು ಮರಕ್ಕೆ ಯಾವ ರೋಗವನ್ನೂ ತಾರದೆ ಬದುಕುತ್ತಿರುತ್ತವೆ. ಇವುಗಳಿಗೆ ಎಂಡೊಫೈಟ್ ಎಂದು ಹೆಸರು. ನಾವು ಒಳವಾಸಿ ಶಿಲೀಂಧ್ರ ಎನ್ನೋಣ. ಔಷಧ ಸಸ್ಯದ ಗುಣದಲ್ಲಿ ಈ ಒಳವಾಸಿಗೂ ಪಾಲಿದೆಯೇ? ರೋಗಾಣುಗಳನ್ನು ಕೊಲ್ಲುವ ಹೊಸ ಸಂಯುಕ್ತಗಳನ್ನು ಅದರಿಂದ ಪಡೆಯಬಹುದೇ? ಈ ಪ್ರಶ್ನೆಗಳ ಹಿಂದೆ ದೀರ್ಘ ಚರಿತ್ರೆಯೊಂದಿದೆ. ಅದರಲ್ಲಿ ಕರ್ನಾಟಕದ ಪ್ರಯೋಗಾಲಯಗಳಿಗೂ ಸ್ಥಾನವಿದೆ.

ಹುಲ್ಲಿನಿಂದ ಆರಂಭ

ಸಸ್ಯದ ಒಳಗೆ ಬದುಕುವ ಸೂಕ್ಷ್ಮಜೀವಿಗಳಿಗೆ ಎಂಡೊಫೈಟ್ ಎಂಬ ಹೆಸರನ್ನು 1866ರಲ್ಲಿ ಬಳಕೆಗೆ ತಂದವನು ಜರ್ಮನಿಯ ಸಸ್ಯವಿಜ್ಞಾನಿ ಆಂಟನ್ ಡಿ ಬ್ಯಾರಿ. 1898ರಲ್ಲಿ ವೋಗ್ಲ್ ಎಂಬ ವಿಜ್ಞಾನಿ ಡಾರ್ನೆಲ್ ಎಂಬ ಕಳೆಹುಲ್ಲಿನ ಬೀಜದಲ್ಲಿ ಶಿಲೀಂಧ್ರದ ಎಳೆಗಳಿರುವುದನ್ನು ಕಂಡ. ಆದರೆ ಮುಂದೆ ಬಹುಕಾಲ ಇದನ್ನು ಯಾರೂ ಗಂಭೀರವಾಗಿ ಪರಿಗಣಿಸಲಿಲ್ಲ. ಶಿಲೀಂಧ್ರವೆಂದರೆ ಒಂದೋ ಸತ್ತ ವಸ್ತುವನ್ನು ಕೊಳೆಸುವುದು, ಇಲ್ಲವೇ ಬದುಕಿರುವ ಸಸ್ಯಕ್ಕೆ ರೋಗ ತರುವುದು ಎಂಬ ಭಾವನೆಯೇ ಬಲವಾಗಿತ್ತು.

ಈ ಭಾವನೆಯನ್ನು ಅಲುಗಾಡಿಸಿದ್ದು ದನಗಳ ಕಾಯಿಲೆ. ಅಮೆರಿಕದಲ್ಲಿ ಟಾಲ್ ಫೆಸ್ಕ್ಯೂ ಎಂಬ ಹುಲ್ಲನ್ನು ಮೇಯುತ್ತಿದ್ದ ದನಗಳು ಸೊರಗುತ್ತಿದ್ದವು. ಹುಲ್ಲು ಮಾತ್ರ ಸೊಂಪಾಗಿತ್ತು. 1977ರಲ್ಲಿ ಚಾರ್ಲ್ಸ್ ಬೇಕನ್ ಮತ್ತು ಸಂಗಡಿಗರು ಆ ಹುಲ್ಲಿನೊಳಗೆ ಶಿಲೀಂಧ್ರವೊಂದು ವಾಸಿಸುತ್ತಿರುವುದನ್ನು ತೋರಿಸಿ, ದನಗಳ ಕಾಯಿಲೆಗೂ ಅದಕ್ಕೂ ನಂಟು ಕಲ್ಪಿಸಿದರು. ವಿಷಕ್ಕೆ ಕಾರಣ ಆ ಶಿಲೀಂಧ್ರ ತಯಾರಿಸುವ ಆಲ್ಕಲಾಯಿಡುಗಳೆಂದು ಮುಂದೆ ಸ್ಪಷ್ಟವಾಯಿತು. ಹುಲ್ಲಿನದೆಂದು ತಿಳಿದಿದ್ದ ಗುಣ ನಿಜವಾಗಿ ಅದರ ಒಳವಾಸಿಯದಾಗಿತ್ತು. ಹುಲ್ಲಿಗೆ ಇದರಿಂದ ಲಾಭವೇ ಆಗಿತ್ತು, ಏಕೆಂದರೆ ಅದನ್ನು ತಿನ್ನುವ ಕೀಟಗಳಿಗೂ ಆ ಸಂಯುಕ್ತಗಳು ಹಿಡಿಸುತ್ತಿರಲಿಲ್ಲ.

ರೋಗಕಾರಕಕ್ಕೂ ಒಳವಾಸಿಗೂ ನಡುವಿನ ಗೆರೆ ಎಷ್ಟು ತೆಳುವೆಂಬುದಕ್ಕೆ ನಮ್ಮ ಕಬ್ಬಿನ ಗದ್ದೆಯಿಂದಲೇ ಉದಾಹರಣೆ ಕೊಡಬಹುದು. ಕಬ್ಬು ಬೆಳೆಯುವವರಿಗೆ ಕೆಂಪು ಕೊಳೆ ರೋಗ ಗೊತ್ತು. ಜಲ್ಲೆಯನ್ನು ಸೀಳಿದರೆ ಒಳಗೆ ಕೆಂಪಾಗಿರುತ್ತದೆ. ಇದಕ್ಕೆ ಕಾರಣ ಕೊಲೆಟೋಟ್ರೈಕಮ್ ಎಂಬ ಕುಲದ ಶಿಲೀಂಧ್ರ. ಅದೇ ಕುಲದ ಇತರ ಪ್ರಭೇದಗಳು ಎಷ್ಟೋ ಔಷಧ ಸಸ್ಯಗಳ ಎಲೆಗಳಲ್ಲಿ ತೊಂದರೆ ಕೊಡದೆ ವಾಸಿಸುತ್ತವೆ. 1993ರಲ್ಲಿ ಫ್ರೀಮನ್ ಮತ್ತು ರೊಡ್ರಿಗೆಜ್ ಎಂಬ ವಿಜ್ಞಾನಿಗಳು ಸೌತೆ ಜಾತಿಯ ಬೆಳೆಗಳಿಗೆ ರೋಗ ತರುವ ಒಂದು ಕೊಲೆಟೋಟ್ರೈಕಮ್‌ನಲ್ಲಿ ಒಂದೇ ಒಂದು ಜೀನ್ ಕೆಟ್ಟರೆ ಸಾಕು, ಅದು ನಿರುಪದ್ರವಿ ಒಳವಾಸಿಯಾಗುತ್ತದೆಂದು 'ಸೈನ್ಸ್' ಪತ್ರಿಕೆಯಲ್ಲಿ ವರದಿ ಮಾಡಿದರು. ಅಷ್ಟೇ ಅಲ್ಲ, ಅದು ಒಳಗಿದ್ದ ಸಸಿಗಳು ಮೂಲ ರೋಗಕಾರಕವನ್ನೂ ಎದುರಿಸಿ ನಿಂತವು.

ಮಣ್ಣಿನಿಂದ ಮರಕ್ಕೆ

ಪ್ರತಿಜೈವಿಕಗಳ ಚರಿತ್ರೆ ನಿಮಗೆ ತಿಳಿದೇ ಇದೆ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿಯಮ್ ಬೂಷ್ಟಿನ ಸುತ್ತ ಬ್ಯಾಕ್ಟೀರಿಯಗಳು ಬೆಳೆಯದಿರುವುದನ್ನು ಕಂಡ. 1943ರಲ್ಲಿ ವಾಕ್ಸ್‌ಮನ್‌ರ ಪ್ರಯೋಗಾಲಯದಲ್ಲಿ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಸ್ಟ್ರೆಪ್ಟೊಮೈಸಿನ್ ದೊರೆಯಿತು. ಅಲ್ಲಿಂದ ಮುಂದೆ ಜಗತ್ತಿನ ಔಷಧ ಸಂಸ್ಥೆಗಳೆಲ್ಲ ಹೊಸ ಔಷಧಕ್ಕಾಗಿ ಮಣ್ಣನ್ನೇ ಶೋಧಿಸಿದವು.

ಈ ಕೆಲಸದಲ್ಲಿ ಕನ್ನಡ ನಾಡಿನವರೊಬ್ಬರ ಹೆಸರನ್ನು ನೆನೆಯಬೇಕು. ಅವರು ಎಂ.ಜೆ. ತಿರುಮಲಾಚಾರ್ (1914–1999). ಇವರ ಹೆಸರಿನ ಮೊದಲಿಗೆ 'ಮಂಡಯಂ' ಎಂದಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪಾಠ ಹೇಳಿದ ಈ ಶಿಲೀಂಧ್ರ ವಿಜ್ಞಾನಿ ಮುಂದೆ ಪುಣೆ ಬಳಿಯ ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಸಂಸ್ಥೆಯ ಸಂಶೋಧನಾ ವಿಭಾಗವನ್ನು ಮುನ್ನಡೆಸಿದರು. 1960ರ ದಶಕದ ಆರಂಭದಲ್ಲಿ ಅವರ ತಂಡ ಮಣ್ಣಿನ ಸ್ಟ್ರೆಪ್ಟೊಮೈಸಿಸ್‌ನಿಂದ ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕ ಔಷಧವನ್ನು ಪಡೆಯಿತು. ಬೆಳೆಗಳ ರೋಗಕ್ಕೆ ಬಳಸುವ ಆರಿಯೋಫಂಜಿನ್ ಕೂಡ ಅದೇ ಸಂಸ್ಥೆಯ ಕೊಡುಗೆ.

ಆದರೆ ವರ್ಷಗಳು ಕಳೆದಂತೆ ಮಣ್ಣಿನಿಂದ ಮತ್ತೆ ಮತ್ತೆ ಗೊತ್ತಿದ್ದ ಸಂಯುಕ್ತಗಳೇ ಸಿಗತೊಡಗಿದವು. ಅತ್ತ ರೋಗಾಣುಗಳು ಹಳೆಯ ಔಷಧಗಳಿಗೆ ಜಗ್ಗದಂತಾದವು. ಹೊಸ ಜಾಗ ಹುಡುಕಬೇಕಾಯಿತು. ಭೂಮಿಯ ಮೇಲೆ ಸುಮಾರು 3 ಲಕ್ಷ ಪ್ರಭೇದಗಳ ಸಸ್ಯಗಳಿವೆ. ಪರೀಕ್ಷಿಸಿದ ಬಹುತೇಕ ಎಲ್ಲ ಸಸ್ಯಗಳಲ್ಲೂ ಒಳವಾಸಿಗಳು ಸಿಕ್ಕಿವೆ. ಅವುಗಳಲ್ಲಿ ಔಷಧ ಸಸ್ಯಗಳನ್ನೇ ಮೊದಲು ನೋಡೋಣವೆಂಬ ಯೋಚನೆ ಬರುವುದು ಸಹಜವಾಗಿತ್ತು.

1993ರ ಸುದ್ದಿ

ಈ ಯೋಚನೆಗೆ ದೊಡ್ಡ ಬಲ ಬಂದದ್ದು ಕ್ಯಾನ್ಸರ್ ಔಷಧವೊಂದರಿಂದ. ಅಮೆರಿಕದ ಪೆಸಿಫಿಕ್ ಯೂ ಮರದ ತೊಗಟೆಯನ್ನು 1962ರಲ್ಲಿ ಪರೀಕ್ಷೆಗೆಂದು ಸಂಗ್ರಹಿಸಿದರು. ಅದರಲ್ಲಿದ್ದ ಟ್ಯಾಕ್ಸಾಲ್ ಎಂಬ ಸಂಯುಕ್ತದ ರಚನೆಯನ್ನು 1971ರಲ್ಲಿ ವಾನಿ ಮತ್ತು ವಾಲ್ ಪ್ರಕಟಿಸಿದರು. 1992ರಲ್ಲಿ ಅಂಡಾಶಯದ ಕ್ಯಾನ್ಸರಿಗೆ ಅದನ್ನು ಬಳಸಲು ಅಮೆರಿಕದಲ್ಲಿ ಅನುಮತಿ ದೊರೆಯಿತು. ತೊಂದರೆಯೆಂದರೆ ಯೂ ಬಹಳ ನಿಧಾನವಾಗಿ ಬೆಳೆಯುವ ಮರ. ನೂರು ವರ್ಷದ ಮರವೊಂದರ ತೊಗಟೆಯಿಂದ ಸಿಗುವ ಟ್ಯಾಕ್ಸಾಲ್ ಸುಮಾರು 300 ಮಿಲಿಗ್ರಾಂ. ಒಬ್ಬ ರೋಗಿಗೆ ಒಂದು ಸಲ ಕೊಡಲು ಅದು ಸಾಕಾದೀತು, ಅಷ್ಟೆ. ತೊಗಟೆ ಸುಲಿದರೆ ಮರ ಸಾಯುತ್ತದೆ.

ಮರುವರ್ಷವೇ 'ಸೈನ್ಸ್' ಪತ್ರಿಕೆಯಲ್ಲಿ ಮೊಂಟಾನದ ಆಂಡ್ರಿಯ ಸ್ಟಿಯರ್ಲ್, ಗ್ಯಾರಿ ಸ್ಟ್ರೋಬೆಲ್ ಮತ್ತು ಡೊನಾಲ್ಡ್ ಸ್ಟಿಯರ್ಲ್ ಒಂದು ಸುದ್ದಿ ಪ್ರಕಟಿಸಿದರು. ಯೂ ಮರದ ಒಳತೊಗಟೆಯಿಂದ ಬೇರ್ಪಡಿಸಿದ ಶಿಲೀಂಧ್ರವೊಂದು ಪ್ರಯೋಗಾಲಯದಲ್ಲಿ ತಾನೇ ಟ್ಯಾಕ್ಸಾಲ್ ತಯಾರಿಸುತ್ತದೆ ಎಂಬುದೇ ಆ ಸುದ್ದಿ. ಅದಕ್ಕೆ ಟ್ಯಾಕ್ಸೊಮೈಸಿಸ್ ಆಂಡ್ರಿಯಾನೇ ಎಂದು ಹೆಸರಿಟ್ಟರು. ಮರ ಕಡಿಯುವ ಬದಲು ಕೊಳಗದಲ್ಲಿ ಬೂಷ್ಟು ಬೆಳೆಸಿ ಔಷಧ ತೆಗೆಯಬಹುದೆಂಬ ಆಸೆ ಎಲ್ಲೆಡೆ ಹಬ್ಬಿತು.

ಆಸೆಯ ಜೊತೆ ಲೆಕ್ಕವನ್ನೂ ನೋಡೋಣ. ಆ ವರದಿಯ ಪ್ರಕಾರ ಒಂದು ಲೀಟರ್ ದ್ರವದಲ್ಲಿ ದೊರೆತ ಟ್ಯಾಕ್ಸಾಲ್ 24ರಿಂದ 50 ನ್ಯಾನೊಗ್ರಾಂ. ಹೆಚ್ಚಿನ ಅಂಕಿಯನ್ನೇ ಹಿಡಿದರೂ 300 ಮಿಲಿಗ್ರಾಂ ಪಡೆಯಲು 60 ಲಕ್ಷ ಲೀಟರ್ ದ್ರವ ಬೇಕು. ವಿದ್ಯಾರ್ಥಿಗಳು ಈ ಲೆಕ್ಕವನ್ನು ಸ್ವತಃ ಮಾಡಿ ನೋಡಲಿ. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಳವಾಸಿಯನ್ನು ಹೊರಗೆಳೆಯುವ ಬಗೆ

ಎಲೆಯ ಅಥವಾ ತೊಗಟೆಯ ಒಳಗಿರುವ ಶಿಲೀಂಧ್ರವನ್ನು ಹೊರತರುವುದು ಹೇಗೆ? ವಿಧಾನ ಸರಳ, ಆದರೆ ಶಿಸ್ತು ಬೇಕು. ಮೊದಲು ತುಂಡುಗಳನ್ನು ನೀರಿನಲ್ಲಿ ತೊಳೆಯುತ್ತಾರೆ. ಬಳಿಕ ಶೇಕಡ 70ರ ಆಲ್ಕೊಹಾಲಿನಲ್ಲಿ ಒಂದು ನಿಮಿಷದಷ್ಟು, ಸೋಡಿಯಮ್ ಹೈಪೊಕ್ಲೋರೈಟ್ ದ್ರಾವಣದಲ್ಲಿ ಕೆಲವು ನಿಮಿಷ ಅದ್ದಿ, ಕ್ರಿಮಿಶುದ್ಧ ನೀರಿನಲ್ಲಿ ಜಾಲಿಸುತ್ತಾರೆ. ಇದರಿಂದ ಹೊರಮೈಯ ಸೂಕ್ಷ್ಮಜೀವಿಗಳು ಸಾಯುತ್ತವೆ. ತುಂಡುಗಳನ್ನು ಆಲೂಗಡ್ಡೆಯ ರಸ, ಸಕ್ಕರೆ ಮತ್ತು ಅಗರ್ ಸೇರಿದ ಪೋಷಕ ಮಾಧ್ಯಮದ ಮೇಲೆ ಇಡುತ್ತಾರೆ. ಬ್ಯಾಕ್ಟೀರಿಯ ಬೆಳೆಯದಂತೆ ಮಾಧ್ಯಮಕ್ಕೆ ಪ್ರತಿಜೈವಿಕ ಬೆರೆಸಿರುತ್ತಾರೆ. ಕೆಲವು ದಿನಗಳಿಂದ ಕೆಲವು ವಾರಗಳೊಳಗೆ ತುಂಡಿನ ಕತ್ತರಿಸಿದ ಅಂಚಿನಿಂದ ಎಳೆಗಳು ಹೊರಬರುತ್ತವೆ.

ಹೊರಬಂದದ್ದು ಒಳಗಿನದೇ, ಹೊರಮೈಗೆ ಅಂಟಿದ್ದ ಬೀಜಾಣುವಿನಿಂದ ಬಂದದ್ದಲ್ಲ ಎಂದು ಹೇಗೆ ಗೊತ್ತು? ಉತ್ತರ ಓದುವ ಮುನ್ನ ಯೋಚಿಸಿ. ಶುದ್ಧಗೊಳಿಸಿದ ಎಲೆಯನ್ನು ಬೇರೊಂದು ತಟ್ಟೆಯ ಮಾಧ್ಯಮದ ಮೇಲೆ ಒತ್ತಿ, ಎತ್ತಿಬಿಡಬೇಕು. ಅಚ್ಚು ಬಿದ್ದ ಜಾಗದಲ್ಲಿ ಏನೂ ಬೆಳೆಯದಿದ್ದರೆ ಹೊರಮೈ ಶುದ್ಧವಾಗಿತ್ತು ಎಂದರ್ಥ.

ಮುಂದಿನ ಹಂತದಲ್ಲಿ ಶಿಲೀಂಧ್ರವನ್ನು ದ್ರವದಲ್ಲಿ ಬೆಳೆಸಿ, ಅದು ಸ್ರವಿಸಿದ ವಸ್ತುಗಳನ್ನು ಈಥೈಲ್ ಅಸಿಟೇಟಿನಂತಹ ದ್ರಾವಕದಲ್ಲಿ ಬೇರ್ಪಡಿಸುತ್ತಾರೆ. ಆ ಸಾರವನ್ನು ಕಾಗದದ ಬಿಲ್ಲೆಗೆ ಹೀರಿಸಿ, ರೋಗಾಣು ಹರಡಿದ ತಟ್ಟೆಯ ಮೇಲಿಡುತ್ತಾರೆ. ಬಿಲ್ಲೆಯ ಸುತ್ತ ಏನೂ ಬೆಳೆಯದ ಖಾಲಿ ವೃತ್ತ ಮೂಡಿದರೆ ಸಾರದಲ್ಲಿ ಸೂಕ್ಷ್ಮಜೀವಿನಾಶಕ ಗುಣವಿದೆ. ಆದರೆ ಇದು ಕೆಲಸದ ಆರಂಭ ಮಾತ್ರ. ಸಾರದಲ್ಲಿ ಹತ್ತಾರು ವಸ್ತುಗಳಿರುತ್ತವೆ. ಕೊಲ್ಲುತ್ತಿರುವುದು ಯಾವುದು, ಅದರ ರಚನೆ ಏನು, ಮನುಷ್ಯನ ಕೋಶಕ್ಕೂ ಅದು ವಿಷವೇ ಎಂಬುದೆಲ್ಲ ತಿಳಿಯಬೇಕು.

ಕರ್ನಾಟಕದ ಮರಗಳಲ್ಲಿ

2000ದ ದಶಕದಲ್ಲಿ ಈ ಕೆಲಸ ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಬಿರುಸಾಯಿತು. ಮೈಸೂರು ವಿಶ್ವವಿದ್ಯಾನಿಲಯದ ಎಚ್. ಶೇಖರ ಶೆಟ್ಟಿ, ಎಚ್.ಎಸ್. ಪ್ರಕಾಶ್ ಮತ್ತು ಸಂಗಡಿಗರು 2005ರಲ್ಲಿ ಮೂರು ಮರಗಳ ಒಳವಾಸಿಗಳ ಬಗ್ಗೆ ವರದಿಗಳನ್ನು ಪ್ರಕಟಿಸಿದರು: ಬೇವಿನ ಒಳತೊಗಟೆ, ನೀರಿನಂಚಿನಲ್ಲಿ ಬೆಳೆಯುವ ವರುಣ ಮರ ಮತ್ತು ಹೊಳೆಮತ್ತಿ. ಹೊಳೆಮತ್ತಿಯನ್ನು ಮಂಡ್ಯ ಜಿಲ್ಲೆಯವರಿಗೆ ಪರಿಚಯಿಸಬೇಕಿಲ್ಲ. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯಲ್ಲಿ ಕಾವೇರಿಯ ದಡಕ್ಕೆ ನೆರಳು ಕೊಡುವ ದೊಡ್ಡ ಮರಗಳು ಅವೇ. ಅದರ ತೊಗಟೆಯ ಕಷಾಯ ಹೃದಯಕ್ಕೆ ಒಳ್ಳೆಯದೆಂದು ಆಯುರ್ವೇದ ಹೇಳುತ್ತದೆ. ಹೀಗೆ ಔಷಧ ಮರಗಳಿಂದ ಪಡೆದ ಪೆಸ್ಟಾಲೋಶಿಯಾಪ್ಸಿಸ್ ಎಂಬ ಶಿಲೀಂಧ್ರದ ಹಲವು ತಳಿಗಳು ಬೆಳೆಗಳ ರೋಗಕಾರಕ ಶಿಲೀಂಧ್ರಗಳನ್ನು ತಡೆಯುತ್ತವೆಂದು ಇದೇ ತಂಡ 2007ರಲ್ಲಿ ತೋರಿಸಿತು.

ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಎನ್.ಎಸ್. ರವಿರಾಜ ಕುದುರೆಮುಖ ಶ್ರೇಣಿಯ ಐದು ಔಷಧ ಸಸ್ಯಗಳ ಒಳವಾಸಿಗಳನ್ನು 2005ರಲ್ಲಿ ವಿವರಿಸಿದರು. ಮರುವರ್ಷ ಅವರೂ ಕೆ.ಆರ್. ಶ್ರೀಧರ್ ಮೊದಲಾದವರೂ ಪಶ್ಚಿಮ ಘಟ್ಟದ ಔಷಧ ಸಸ್ಯಗಳ ಒಳವಾಸಿಗಳನ್ನು ರೋಗಾಣುಗಳ ಮೇಲೆ ಪರೀಕ್ಷಿಸಿದ ಫಲಿತಾಂಶ ಪ್ರಕಟಿಸಿದರು. ಕುವೆಂಪು ವಿಶ್ವವಿದ್ಯಾನಿಲಯದ ವೈ.ಎಲ್. ಕೃಷ್ಣಮೂರ್ತಿ ಮತ್ತು ಸಂಗಡಿಗರು 2008ರಲ್ಲಿ ಮಲೆನಾಡಿನ ಔಷಧೀಯ ಗಿಡಮೂಲಿಕೆ ಮತ್ತು ಪೊದೆಗಳನ್ನು, 2009ರಲ್ಲಿ ಭತ್ತವನ್ನು ಪರಿಶೀಲಿಸಿದರು. ಅದೇ 2008ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ಜಯಭಾಸ್ಕರನ್ ತಂಡ ಇನ್ನೊಂದು ಯೂ ಪ್ರಭೇದದಿಂದ ಪಡೆದ ಫ್ಯುಸೇರಿಯಮ್ ಸೊಲಾನಿಯಲ್ಲಿ ಟ್ಯಾಕ್ಸಾಲ್ ಕಂಡಿತು.

ಸಂದೇಹದ ವರ್ಷಗಳು

ಈ ನಡುವೆ ಪಶ್ಚಿಮ ಘಟ್ಟದ ಒಂದು ಚಿಕ್ಕ ಮರ ಎಲ್ಲರ ಗಮನ ಸೆಳೆದಿತ್ತು. ಹೂವಿನ ಕೆಟ್ಟ ನಾತದಿಂದಾಗಿ ದುರ್ವಾಸನೆ ಮರ ಎನಿಸಿಕೊಂಡ ಇದರ ಶಾಸ್ತ್ರೀಯ ಹೆಸರು ನೋಥಪೊಡೈಟಿಸ್ ನಿಮ್ಮೋನಿಯಾನ. ಇದರಲ್ಲಿ ಕ್ಯಾನ್ಸರ್ ಔಷಧಗಳಿಗೆ ಮೂಲವಾದ ಕ್ಯಾಂಪ್ಟೊಥೆಸಿನ್ ಇದೆಯೆಂದು 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಕಂಡುಹಿಡಿದರು. ಅಂದಿನಿಂದ ಈ ಮರಗಳಿಗೆ ಕೊಡಲಿ ತಪ್ಪಲಿಲ್ಲ. 2005ರಲ್ಲಿ ಜಮ್ಮುವಿನ ವಿಜ್ಞಾನಿಗಳು ಇದರ ಒಳವಾಸಿಯೊಂದು ಕ್ಯಾಂಪ್ಟೊಥೆಸಿನ್ ತಯಾರಿಸುತ್ತದೆಂದಾಗ, ಕೊನೆಗೂ ಮರ ಉಳಿಯುತ್ತದೆಂಬ ನಿರೀಕ್ಷೆ ಮೂಡಿತು.

ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಆರ್. ಉಮಾಶಂಕರ್ ಮತ್ತು ಸಂಗಡಿಗರು ಈ ಮರದ ಒಳವಾಸಿಗಳನ್ನು ಬೆಳೆಸಿ, ತಟ್ಟೆಯಿಂದ ತಟ್ಟೆಗೆ ದಾಟಿಸುತ್ತ ಅಳೆದರು. 2010ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅವರ ಫಲಿತಾಂಶ ಆಸೆಗೆ ತಡೆಯೊಡ್ಡಿತು. ತಲೆಮಾರು ಕಳೆದಂತೆ ಕ್ಯಾಂಪ್ಟೊಥೆಸಿನ್ ಪ್ರಮಾಣ ಕುಸಿಯಿತು. ಶಿಲೀಂಧ್ರ ಹೆಚ್ಚು ಬೆಳೆದಲ್ಲಿ ಸಂಯುಕ್ತ ಹೆಚ್ಚಾಗುವ ಬದಲು ಕಡಿಮೆಯಿತ್ತು. ತಮ್ಮ ಹಿಂದಿನ ನಿರೀಕ್ಷೆಗೆ ವಿರುದ್ಧವಾದ ಫಲಿತಾಂಶವನ್ನು ಮುಚ್ಚಿಡದೆ ಮುಂದಿಟ್ಟ ಈ ಕೆಲಸ ವಿದ್ಯಾರ್ಥಿಗಳಿಗೆ ಒಳ್ಳೆಯ ಪಾಠ.

ಹೀಗೇಕಾಯಿತು? ಜರ್ಮನಿಯ ಕುಸಾರಿ ಮತ್ತು ಸ್ಪಿಟೆಲ್ಲರ್ ತಂಡ 2011ರಲ್ಲಿ ಒಂದು ವಿವರಣೆ ಕೊಟ್ಟಿತು. ಅವರು ಪರೀಕ್ಷಿಸಿದ ಶಿಲೀಂಧ್ರದಲ್ಲಿ ಕ್ಯಾಂಪ್ಟೊಥೆಸಿನ್ ತಯಾರಿಕೆಗೆ ಬೇಕಾದ ಕೆಲವು ಜೀನ್‌ಗಳಿದ್ದವು. ಆದರೆ ನಡುವಿನ ಮುಖ್ಯ ಕಿಣ್ವವೊಂದು ಇರಲಿಲ್ಲ. ಆ ಹೆಜ್ಜೆಗೆ ಅದು ಮರದ ಕಿಣ್ವವನ್ನೇ ಅವಲಂಬಿಸಿತ್ತು. 2013ರಲ್ಲಿ ಹೈನಿಗ್ ಮತ್ತು ಸಂಗಡಿಗರು ಟ್ಯಾಕ್ಸೊಮೈಸಿಸ್ ಆಂಡ್ರಿಯಾನೇಯನ್ನೇ ಮತ್ತೆ ಪರೀಕ್ಷಿಸಿ, ಅದರಲ್ಲಿ ಸ್ವತಂತ್ರವಾಗಿ ಟ್ಯಾಕ್ಸಾಲ್ ತಯಾರಿಸುವ ಜೀನ್‌ಗಳಿಗೆ ಪುರಾವೆ ಇಲ್ಲವೆಂದರು. ಲೀಟರಿಗೆ 50 ನ್ಯಾನೊಗ್ರಾಂ ಎಂಬ ಅಂಕಿಯನ್ನು ಈಗ ನೆನೆಯಿರಿ. ಅಷ್ಟು ಅಲ್ಪ ಪ್ರಮಾಣ ಮರದಿಂದಲೇ ಅಂಟಿಕೊಂಡು ಬಂದಿರಬಹುದಲ್ಲವೇ? 2015ರಲ್ಲಿ ಕೆನಡದ ವಿಜ್ಞಾನಿಗಳು ಯೂ ಮರದ ಬೇರೊಂದು ಒಳವಾಸಿ ಟ್ಯಾಕ್ಸಾಲ್ ಬಳಸಿ ಮರವನ್ನು ಕೊಳೆಸುವ ಶಿಲೀಂಧ್ರಗಳನ್ನು ತಡೆಯುತ್ತದೆಂದು ವಾದಿಸಿದರು. ಚರ್ಚೆ ಪೂರ್ತಿ ಮುಗಿದಿಲ್ಲ. ಆದರೆ ಇಂದಿಗೂ ಮಾರುಕಟ್ಟೆಯ ಟ್ಯಾಕ್ಸಾಲ್ ಬರುವುದು ಯೂ ಸಸ್ಯದ ಎಲೆಗಳಿಂದ ಅಥವಾ ಅದರ ಕೋಶಗಳ ಕೃಷಿಯಿಂದ, ಬೂಷ್ಟಿನಿಂದಲ್ಲ.

ಹಾಗೆಂದು ಸಸ್ಯದ ಗುಣ ಒಳವಾಸಿಯದೆಂಬ ಮಾತೆಲ್ಲ ಸುಳ್ಳಲ್ಲ. ಐಪೋಮಿಯ ಎಂಬ ಬಳ್ಳಿಯಲ್ಲಿದ್ದ ಆಲ್ಕಲಾಯಿಡುಗಳ ಮೂಲವನ್ನು ಜರ್ಮನಿಯ ಬಾನ್ ನಗರದ ವಿಜ್ಞಾನಿಗಳು ಹುಡುಕಿದರು. 2004ರಲ್ಲಿ ಅವರು ಬಳ್ಳಿಗೆ ಶಿಲೀಂಧ್ರನಾಶಕ ಕೊಟ್ಟಾಗ ಆಲ್ಕಲಾಯಿಡುಗಳು ಮಾಯವಾದವು. 2006ರಲ್ಲಿ ಶಿಲೀಂಧ್ರವನ್ನು ಗುರುತಿಸಿದರು. 2011ರಲ್ಲಿ ಅದಕ್ಕೆ ಪೆರಿಗ್ಲಾಂಡುಲ ಎಂಬ ಹೊಸ ಕುಲದ ಹೆಸರು ಬಂತು. ಈ ಎಲ್ಲ ಉದಾಹರಣೆಗಳಿಂದ ಮೂರು ಪ್ರಶ್ನೆಗಳನ್ನು ಕಲಿಯಬಹುದು. ಶಿಲೀಂಧ್ರ ಸಸ್ಯದಿಂದ ದೂರವಾಗಿ ಹಲವು ತಲೆಮಾರು ಕಳೆದರೂ ಸಂಯುಕ್ತವನ್ನು ತಯಾರಿಸುತ್ತದೆಯೇ? ಅದಕ್ಕೆ ಬೇಕಾದ ಜೀನ್‌ಗಳು ಅದರಲ್ಲಿವೆಯೇ? ಶಿಲೀಂಧ್ರವನ್ನು ತೆಗೆದರೆ ಸಸ್ಯದಲ್ಲಿ ಸಂಯುಕ್ತ ಇಲ್ಲವಾಗುತ್ತದೆಯೇ?

ಔಷಧವಾದ ಬೂಷ್ಟು

ಮರದ ಔಷಧವನ್ನೇ ಶಿಲೀಂಧ್ರದಲ್ಲಿ ಹುಡುಕುವವರು ಹೀಗೆ ತೊಡಕಿನಲ್ಲಿದ್ದಾಗ, ಇನ್ನೊಂದು ದಾರಿ ಹಿಡಿದವರಿಗೆ ಫಲ ಸಿಕ್ಕಿತು. ಅವರು ಶಿಲೀಂಧ್ರ ತನ್ನದೇ ಆಗಿ ಏನು ತಯಾರಿಸುತ್ತದೆಂದು ನೋಡಿದರು. 1999ರಲ್ಲಿ ಸ್ಟ್ರೋಬೆಲ್ ತಂಡ ಚೀನದ ಔಷಧ ಸಸ್ಯವೊಂದರ ಒಳವಾಸಿಯಿಂದ ಕ್ರಿಪ್ಟೊಕ್ಯಾಂಡಿನ್ ಎಂಬ ಶಿಲೀಂಧ್ರನಾಶಕವನ್ನು ಪಡೆಯಿತು. 2001ರಲ್ಲಿ ಅದೇ ತಂಡ ಹೊಂಡುರಾಸ್ ದೇಶದ ದಾಲ್ಚಿನ್ನಿ ಮರದ ಒಳವಾಸಿ ಮಸ್ಕೊಡಾರ್ ಆಲ್ಬಸ್ ಅನ್ನು ವಿವರಿಸಿತು. ಅದು ಹೊರಬಿಡುವ ಆವಿಯೇ ಸುತ್ತಲಿನ ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಜ್ಯೂನಿಪರ್ ಗಿಡದ ಕಥೆ. ಆಯುರ್ವೇದದಲ್ಲಿ ಹಪುಷಾ ಎನಿಸಿಕೊಂಡ ಔಷಧ ಸಸ್ಯ ಇದೇ. ಅದರ ಜೀವಂತ ಎಲೆಗಳಿಂದ ಬೇರ್ಪಡಿಸಿದ ಹಾರ್ಮೊನೀಮ ಎಂಬ ಶಿಲೀಂಧ್ರದಿಂದ ಎನ್‌ಫ್ಯುಮಾಫಂಜಿನ್ ಎಂಬ ಸಂಯುಕ್ತ ದೊರೆತದ್ದನ್ನು 2000ದಲ್ಲಿ ಪ್ರಕಟಿಸಿದರು. ಶಿಲೀಂಧ್ರಗಳ ಕೋಶಭಿತ್ತಿಯಲ್ಲಿ ಗ್ಲುಕಾನ್ ಎಂಬ ವಸ್ತುವಿದೆ, ಮನುಷ್ಯನ ಕೋಶದಲ್ಲಿ ಅದಿಲ್ಲ. ಎನ್‌ಫ್ಯುಮಾಫಂಜಿನ್ ಈ ಗ್ಲುಕಾನ್ ತಯಾರಿಕೆಯನ್ನೇ ನಿಲ್ಲಿಸುತ್ತದೆ. ರಸಾಯನವಿಜ್ಞಾನಿಗಳು ಅದರ ರಚನೆಯನ್ನು ತುಸು ಮಾರ್ಪಡಿಸಿ, ಬಾಯಿಯ ಮೂಲಕ ಸೇವಿಸಬಹುದಾದ ಐಬ್ರೆಕ್ಸಾಫಂಜರ್ಪ್ ಎಂಬ ಔಷಧವನ್ನು ರೂಪಿಸಿದರು. 2021ರ ಜೂನ್‌ನಲ್ಲಿ, ಮಹಿಳೆಯರನ್ನು ಕಾಡುವ ಕ್ಯಾಂಡಿಡ ಸೋಂಕಿನ ಚಿಕಿತ್ಸೆಗೆ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಎಲೆಯೊಳಗಿನ ಬೂಷ್ಟಿನಿಂದ ಔಷಧದ ಗುಳಿಗೆಯವರೆಗೆ 20 ವರ್ಷಕ್ಕೂ ಮೀರಿದ ದಾರಿ ಅದು.

ನಮ್ಮ ಮುಂದಿರುವುದು

ಇಂತಹ ಔಷಧಗಳ ಅಗತ್ಯ ಎಷ್ಟಿದೆ? 2019ರ ಒಂದೇ ವರ್ಷದಲ್ಲಿ ಔಷಧಗಳಿಗೆ ಜಗ್ಗದ ಬ್ಯಾಕ್ಟೀರಿಯಗಳಿಂದ ಜಗತ್ತಿನಲ್ಲಿ ನೇರವಾಗಿ ಸತ್ತವರು ಸುಮಾರು 12.7 ಲಕ್ಷ ಎಂದು 2022ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ತುರ್ತು ಗಮನ ಬೇಕಾದ 19 ರೋಗಕಾರಕ ಶಿಲೀಂಧ್ರಗಳ ಪಟ್ಟಿಯನ್ನು ಮೊದಲ ಬಾರಿಗೆ ಹೊರಡಿಸಿತು.

ಬೇವು, ಹೊಳೆಮತ್ತಿ, ಕುದುರೆಮುಖದ ಗಿಡಮೂಲಿಕೆಗಳಿಂದ ನಮ್ಮ ವಿಜ್ಞಾನಿಗಳು ಹೊರತೆಗೆದ ಶಿಲೀಂಧ್ರಗಳನ್ನು ಇನ್ನು ಮುಂದೆ ಕೇಳಬೇಕಾದ ಪ್ರಶ್ನೆಯನ್ನು ಈ ಚರಿತ್ರೆ ತೋರಿಸಿಕೊಡುತ್ತದೆ. 'ಮರ ಮಾಡುವುದನ್ನು ನೀನೂ ಮಾಡುತ್ತೀಯಾ' ಎಂದು ಕೇಳಿ ಬಹಳ ಕಾಲ ಕಳೆಯಿತು. 'ನೀನು ಸ್ವಂತವಾಗಿ ಏನು ಮಾಡುತ್ತೀಯಾ' ಎಂಬುದು ಹೆಚ್ಚು ಫಲ ಕೊಟ್ಟ ಪ್ರಶ್ನೆ. ಖಾಲಿ ವೃತ್ತವನ್ನು ಅಳೆದು ನಿಲ್ಲಿಸಿದ ಕೆಲಸಗಳು ಎಷ್ಟೋ ಇವೆ. ಅಲ್ಲಿಂದ ಮುಂದೆ ಸಂಯುಕ್ತದ ರಚನೆ, ಜೀನ್, ವಿಷಗುಣ ಎಂದು ಹೆಜ್ಜೆ ಹಾಕುವವರು ಬೇಕು. ಒಳವಾಸಿ ಸಿಕ್ಕಿತೆಂದು ಮರವನ್ನು ಮರೆಯುವಂತೆಯೂ ಇಲ್ಲ. ಮರದಿಂದ ದೂರವಾದ ಶಿಲೀಂಧ್ರ ತನ್ನ ಕಸುಬನ್ನೇ ಬಿಟ್ಟ ಉದಾಹರಣೆಯನ್ನು ನೀವೀಗ ಓದಿದಿರಿ. ಮರ ಹೋದರೆ, ಅದರೊಳಗೆ ನಾವಿನ್ನೂ ನೋಡದ ಶಿಲೀಂಧ್ರವೂ ಹೋಗುತ್ತದೆ.

ಶಿಕ್ಷಕರಲ್ಲಿ ಒಂದು ಮನವಿ. ಶಾಲೆಯಲ್ಲಿ ರೋಗಾಣುಗಳನ್ನು ಬೆಳೆಸುವ ಪ್ರಯೋಗ ಬೇಡ, ಅದು ಅಪಾಯಕಾರಿ. ಬದಲಿಗೆ ಮಕ್ಕಳೊಡನೆ ಊರಿನ ಬದುಗಳಲ್ಲಿ ನಡೆದು, ಅಲ್ಲಿ ಇನ್ನೂ ಉಳಿದಿರುವ ಔಷಧ ಮರಗಳ ಪಟ್ಟಿ ಮಾಡಿ. ಯಾವ ಮರ ಎಲ್ಲಿದೆ, ವಯಸ್ಸು ಅಂದಾಜು ಎಷ್ಟು, ತೊಗಟೆ ಸುಲಿದ ಗುರುತಿದೆಯೇ ಎಂದು ಬರೆದಿಡಿ. ಮುಂದೊಂದು ದಿನ ಅವರಲ್ಲೊಬ್ಬರು ಪ್ರಯೋಗಾಲಯ ಸೇರಿದಾಗ, ಎಲೆ ಕೀಳಲು ಆ ಮರಗಳು ಇರಬೇಕಲ್ಲವೇ?